ಯಾವುದಕ್ಕೆ ನೆಗೆಟಿವ್, ದೊಡ್ಡಪ್ಪಾ?

ಸಿಟ್ಟು ಇಳಿಯಲಿ ಅಂತ ಎರಡು ದಿನ ಸುಮ್ಮನಿದ್ದೆ. ಇಳಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಭಾನುವಾರ ಶಿರಸಿ ಹತ್ತಿರ ನೆಂಟರ ಮನೆಯಲ್ಲಿ ನಾಮಕರಣ. ಹೊರಗೆ ಧೋ ಮಳೆ. ಇರಚಲು ಹೊಡೆಯುತ್ತದೆ ಅಂತ ಕಿಟಕಿ ಎಲ್ಲ ಮುಚ್ಚಿ, ಒಳಗೆ ಜನವೋ ಜನ. ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ಕೆಮ್ಮುತ್ತಲೇ ಬಂದರು. ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡರು. ಅದೇ ಕೈಯಲ್ಲಿ ಹನ್ನೆರಡು ದಿನದ ಕೂಸನ್ನು ಎತ್ತಿ ಕೆನ್ನೆಗೆ ಮುತ್ತು ಕೊಟ್ಟರು. ನಾನು ಬಾಯಿ ತೆಗೆಯುವ ಮೊದಲೇ, "ನೆಗೆಟಿವ್ ಬಂಜೇ ತಂಗಿ, ಎಂತೂ ಆಗ್ತಿಲ್ಲೆ" ಅಂದರು. ಮನೆಯಲ್ಲೇ ಕೋವಿಡ್ ಕಿಟ್ ಹಾಕಿ ನೋಡಿದ್ದರಂತೆ.

"ಯಾವುದಕ್ಕೆ ನೆಗೆಟಿವ್?" ಅಂತ ಕೇಳಿದೆ.

"ವೈರಸ್ಸಿಗೆ."

ವೈರಸ್ಸಿಗೆ! ದಿನವಿಡೀ ಲ್ಯಾಬಿನಲ್ಲಿ ಊರವರ ಸಿಂಬಳದ ಜೊತೆ ಸಂಸಾರ ಮಾಡುವವಳ ಎದುರು ಈ ಮಾತು.

ರೈನೋವೈರಸ್ ಅಂತ ಒಂದಿದೆ, ನಮ್ಮ ಮಾಮೂಲಿ ಥಂಡಿ ಹೆಚ್ಚಾಗಿ ಅದರದ್ದೇ. ಅದೊಂದರಲ್ಲೇ 160ಕ್ಕೂ ಹೆಚ್ಚು ಬಗೆ. ಅದರ ಮೇಲೆ ಇನ್‌ಫ್ಲುಯೆಂಜಾ ಎ, ಬಿ, ಆರ್‌ಎಸ್‌ವಿ, ಅಡಿನೋ, ಪ್ಯಾರಾಇನ್‌ಫ್ಲುಯೆಂಜಾ. ಕೊರೊನಾದಲ್ಲೇ ಕೋವಿಡ್‌ಗಿಂತ ಮೊದಲಿಂದ ನಮ್ಮ ಮೂಗು ಸೋರಿಸುತ್ತಿದ್ದ ನಾಲ್ಕು ಬಗೆ ಇವೆ. ದೊಡ್ಡಪ್ಪನ ಕಿಟ್ಟಿಗೆ ಇವ್ಯಾವುದೂ ಗೊತ್ತಾಗುವುದಿಲ್ಲ. ಅದರೊಳಗಿನ ಟೆಸ್ಟ್ ಪಟ್ಟಿಗೆ (ಸ್ಟ್ರಿಪ್) ಅಂಟಿಸಿದ ಆಂಟಿಬಾಡಿ, ಅಂದರೆ ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನು, ಹಿಡಿಯುವುದು ಕೋವಿಡ್ ವೈರಸ್ಸಿನ ಪ್ರೋಟೀನನ್ನು ಮಾತ್ರ. ಅದೂ ಜಾಸ್ತಿ ಇದ್ದರೆ. ತೋಟದಲ್ಲಿ ಹಾವಿದೆಯಾ ಅಂತ ಕೇಳಿದರೆ ಮಂಗ ಕಾಣಲಿಲ್ಲ ಅಂದ ಹಾಗಾಯಿತು.

ಲ್ಯಾಬಿನಲ್ಲಿ ನಾವು ಮಾಡುವ ಪಿಸಿಆರ್ ಟೆಸ್ಟ್ ಕೂಡ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಪೈಕಿ. ಸ್ಯಾಂಪಲ್ಲಿನಿಂದ ವೈರಸ್ಸಿನ ಜೀನ್ ಇರುವ ಆರ್‌ಎನ್‌ಎ ಬೇರೆ ಮಾಡಿ, ಅದನ್ನು ಡಿಎನ್‌ಎ ಮಾಡಿಕೊಂಡು ಮಷೀನಿಗೆ ಹಾಕುತ್ತೇವೆ. ಬಿಸಿ, ತಂಪು, ಮತ್ತೆ ಬಿಸಿ, ಮತ್ತೆ ತಂಪು. ಸುತ್ತಿಗೊಮ್ಮೆ ಆ ತುಣುಕು ಎರಡು ಪಟ್ಟು. ಒಂದೇ ತುಣುಕಿದ್ದರೂ 30 ಸುತ್ತಿಗೆ ನೂರು ಕೋಟಿ ದಾಟುತ್ತದೆ. ಕಿಟ್ಟಿಗೆ ಸಿಗದ ಚೂರುಪಾರು ಇಲ್ಲಿ ಸಿಕ್ಕಿಬೀಳುವುದು ಅದಕ್ಕೇ. ಆದರೆ ಯಾವ ವೈರಸ್ಸಿನ ಪ್ರೈಮರ್ (ಆ ವೈರಸ್ಸಿನ ಜೀನಿಗಷ್ಟೇ ಅಂಟುವ ಪುಟ್ಟ ಡಿಎನ್‌ಎ ತುಣುಕು) ಹಾಕಿದೆವೋ ಅದು ಮಾತ್ರ. ಫ್ಲೂ ಪ್ರೈಮರ್ ಹಾಕಿ ಕುಳಿತರೆ ಪಕ್ಕದಲ್ಲೇ ಆರ್‌ಎಸ್‌ವಿ ಕುಣಿದರೂ ರಿಪೋರ್ಟ್ ನೆಗೆಟಿವ್. ಹತ್ತಾರು ವೈರಸ್ ಒಟ್ಟಿಗೆ ನೋಡುವ ಪ್ಯಾನೆಲ್ ಇದೆ, ಬೆಲೆ ಕೇಳಿದರೆ ಥಂಡಿ ತಾನಾಗಿ ಓಡುತ್ತದೆ.

ಇನ್ನು ಸ್ಯಾಂಪಲ್ ತೆಗೆಯಲು ಮೂಗಿಗೆ ಹಾಕುವ ಕಡ್ಡಿಯ ಕಥೆ. ಪಿಸಿಆರ್‌ನಲ್ಲಿ ವೈರಸ್ ಜೊತೆಗೆ ಮನುಷ್ಯರ ಒಂದು ಜೀನನ್ನೂ ನೋಡುತ್ತೇವೆ. ಅದೇ ಬರಲಿಲ್ಲ ಅಂದರೆ ಕಡ್ಡಿ ಮೂಗನ್ನು ನೆಟ್ಟಗೆ ಮುಟ್ಟಿಲ್ಲ ಅಂತ ನಮಗೆ ಅನುಮಾನ. ಮನೆಯ ಕಿಟ್ಟಿನಲ್ಲಿ ಮೂಡುವ ಕಂಟ್ರೋಲ್ ಗೆರೆ ಅಷ್ಟೆಲ್ಲ ಹೇಳುವುದಿಲ್ಲ. ಪಟ್ಟಿ ಕೆಲಸ ಮಾಡಿದೆ ಅನ್ನುತ್ತದೆ, ಮುಗಿಯಿತು.

ಇದು ನನಗೆ ಹೇಗೆ ಗೊತ್ತು ಅಂದರೆ, ಹೇಳಲು ನಾಚಿಕೆ. 2022ರಲ್ಲಿ ನನಗೇ ಜ್ವರ ಬಂದಿತ್ತು. ಊರವರ ಮೂಗಿಗೆಲ್ಲ ಕಡ್ಡಿ ಹಾಕಿದ ನಾನು, ನನ್ನ ಮೂಗಿಗೆ ಬಂದಾಗ ತುದಿಗೆ ಎರಡು ಸಲ ಸವರಿ "ನೆಗೆಟಿವ್" ಅಂತ ಖುಷಿಪಟ್ಟೆ. ಮರುದಿನ ಲ್ಯಾಬಿನ ಗೆಳತಿ ತಲೆ ಹಿಡಿದು ಸರಿಯಾಗಿ ತೆಗೆದಳು. ಪಾಸಿಟಿವ್. ಅಷ್ಟರಲ್ಲಿ ಅಮ್ಮನಿಗೂ ಹಚ್ಚಿಯಾಗಿತ್ತು.

"ಬರೀ ಥಂಡಿಗೆ ಇಷ್ಟೆಲ್ಲ ಯಾಕೆ, ಕಾಳುಮೆಣಸಿನ ಕಷಾಯ ಕುಡಿದರೆ ಹೋಗುತ್ತದೆ" ಅಂತ ಅಲ್ಲೇ ಒಬ್ಬರು ಅಂದರು. ಹೋಗುತ್ತದೆ. ಕುಡಿಯದಿದ್ದರೂ ಹೋಗುತ್ತದೆ. ಟೆಸ್ಟ್ ಮಾಡಿಸಿ ಅಂತ ನಾನೆಲ್ಲಿ ಅಂದೆ? ಕೆಮ್ಮಿದ್ದರೆ ಕೂಸನ್ನು ಎತ್ತಬೇಡಿ ಅಂದೆ, ಅಷ್ಟೇ ಅಲ್ವಾ? ದೊಡ್ಡವರಿಗೆ ಹೆಚ್ಚಾಗಿ ಬರೀ ಥಂಡಿಯಾಗಿ ಹೋಗುವ ಆರ್‌ಎಸ್‌ವಿ, ಅಷ್ಟು ಚಿಕ್ಕ ಕೂಸಿನ ಎದೆಗೆ ಇಳಿದರೆ ಉಸಿರಾಡುವುದೇ ಕಷ್ಟ. ಆಗ ಕಷಾಯ ಕುಡಿಸುತ್ತೀರಾ?

ಕೂಸು ಸದ್ಯಕ್ಕೆ ಆರಾಮಿದೆ, ಬೆಳಿಗ್ಗೆ ಫೋನ್ ಮಾಡಿ ಕೇಳಿದೆ. ದೊಡ್ಡಪ್ಪನಿಗೆ ನನ್ನ ಮೇಲೆ ಸಿಟ್ಟಂತೆ. ಊಟದ ಹೊತ್ತಿಗೆ ಇರಲಿಲ್ಲ ಆ ಸಿಟ್ಟು. ಪಂಕ್ತಿಯಲ್ಲಿ ನನಗೆ ಎರಡೆರಡು ಸಲ ತಂಬುಳಿ ಬಡಿಸಿದ್ದು ಅವರೇ, ಬಗ್ಗಿ, ಕೆಮ್ಮುತ್ತಾ.

ಇವತ್ತು ನನಗೆ ಗಂಟಲು ಕೆರೆತ.