ಕೃಷಿ ಮೇಳಕ್ಕೆ ಬರುವ ಜನ ವಿಚಾರ ಸಂಕಿರಣಕ್ಕೆ ಯಾಕೆ ಬರೋದಿಲ್ಲ?

‘ಈಗಿನ ಜನಕ್ಕೆ ಆಸಕ್ತಿಯೇ ಇಲ್ಲ, ಯಾರೂ ಬರೋದಿಲ್ಲ’ ಅಂತ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಬೇಸರ ಮಾಡಿಕೊಳ್ಳೋದನ್ನ ತುಂಬ ಸಲ ಕೇಳಿದ್ದೇನೆ. ನಾನು ಈ ಮಾತು ಒಪ್ಪೋದಿಲ್ಲ. ಒಪ್ಪದಿರೋದಕ್ಕೆ ಕಾರಣ ಧಾರವಾಡದ ಕೃಷಿ ಮೇಳ.

ಅದೂ ವಿಶ್ವವಿದ್ಯಾಲಯದ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ, ಕಾರ್ಯಕ್ರಮವೇ. ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ಗಾಡಿ ಮಾಡಿಕೊಂಡು, ರೊಟ್ಟಿ ಕಟ್ಟಿಕೊಂಡು ಬರ್ತಾರೆ. ಹಿಂಗಾರಿ ಬೀಜದ ಕೌಂಟರ್ ಮುಂದೆ ಬಿಸಿಲಲ್ಲೇ ಪಾಳಿ ಹಚ್ಚಿ ನಿಲ್ತಾರೆ. ‘ಕೀಟ ಪ್ರಪಂಚ’ ಅನ್ನೋ ಹುಳುಗಳ ಪ್ರದರ್ಶನದ ಒಳಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಕಾಣ್ತಾರೆ. ಒಮ್ಮೆ ಒಬ್ಬ ರೈತರು ಪ್ಲಾಸ್ಟಿಕ್ ಚೀಲದಿಂದ ಮೆಣಸಿನ ಗಿಡದ ಟೊಂಗೆ ತೆಗೆದು ಮೇಜಿನ ಮೇಲಿಟ್ಟು, ‘ಸರ, ಎಲಿ ಹಿಂಗ್ ಮುಟುರಾಗ್ಯಾವ್ ನೋಡ್ರಿ, ಏನ್ ಹೊಡೀಬೇಕ್ರಿ?’ ಅಂದರು. ವಿಜ್ಞಾನಿ ಎಲೆ ಮಗುಚಿ, ಭೂತಗನ್ನಡಿ ಹಿಡಿದು ನೋಡಿ, ಆ ಗನ್ನಡಿಯನ್ನು ರೈತರ ಕೈಗೇ ಕೊಟ್ಟರು. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಅನ್ನೋ ಸಣ್ಣ ಕೀಟ, ಕೆಳಕ್ಕೆ ಬಾಗಿದರೆ ಮೈಟ್ ನುಶಿ, ಎರಡಕ್ಕೂ ಔಷಧ ಬೇರೆ ಅಂತ ಬಿಡಿಸಿ ಹೇಳಿದರು. ಸುತ್ತ ನಿಂತವರೆಲ್ಲ ಒಬ್ಬೊಬ್ಬರಾಗಿ ಭೂತಗನ್ನಡಿ ಇಸಿದುಕೊಂಡು ನೋಡಿದರು. ಪಾಠ ಅಂದರೆ ಅದು.

ಇನ್ನು ನಮ್ಮ ವಿಚಾರ ಸಂಕಿರಣಗಳು. ಊರು, ಹೆಸರು ಬೇಡ, ಎಲ್ಲ ಕಡೆಯೂ ಹೆಚ್ಚುಕಮ್ಮಿ ಹೀಗೇ. ಕೆಲಸದ ದಿನ ಬೆಳಿಗ್ಗೆ ಹತ್ತೂವರೆಗೆ ಇಟ್ಟರೆ ಅಂಗಡಿಯವರು, ಶಾಲೆಯ ಮೇಷ್ಟ್ರು, ನರ್ಸಮ್ಮ ಬರೋದಾದರೂ ಹೇಗೆ? ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಫಲತಾಂಬೂಲ, ಮತ್ತೆ ವೇದಿಕೆ ಮೇಲಿದ್ದವರಿಗೆಲ್ಲ ಎರಡೆರಡು ಮಾತು. ದೂರದಿಂದ ಬಂದ ವಿದ್ವಾಂಸರಿಗೆ ಮೈಕ್ ಸಿಗುವ ಹೊತ್ತಿಗೆ ಊಟದ ವೇಳೆ. ‘ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ’ ಅಂತ ನಿರೂಪಕರು ಹೇಳಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಕ್ಕೆ, ತೆಗೆದ ಜಾಗದ ಗುರುತು (ಜಿಯೋಟ್ಯಾಗ್) ಇರುವ ಫೋಟೊ ಸಿಕ್ಕರೆ ಕೆಲಸ ಮುಗಿಯಿತು ಅನ್ನೋ ಹಾಗಾಗಿದೆ.

ನಮ್ಮಲ್ಲಿ ಮೊದಲಿಂದ ಹೀಗಿರಲಿಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಅದರ ಹಿಂದೆ ಬಿಎಂಶ್ರೀ ಅವರಂಥವರ ಒತ್ತಾಸೆ ಇತ್ತು. ಅಧ್ಯಾಪಕರೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಬೇಕು, ಆಡಿದ್ದನ್ನು ಚಿಕ್ಕ ಪುಸ್ತಕ ಮಾಡಿ ಅಗ್ಗಕ್ಕೆ ಕೊಡಬೇಕು. ಸಾಹಿತ್ಯ ಮಾತ್ರ ಅಲ್ಲ, ವಿಜ್ಞಾನ, ಆರೋಗ್ಯ, ಚರಿತ್ರೆ ಎಲ್ಲ. ಆಗಿನ್ನೂ ಕಾಲೇಜಿನ ಪಾಠ ಇಂಗ್ಲಿಷಿನಲ್ಲೇ ನಡೀತಿತ್ತು ಅನ್ನೋದನ್ನ ನೆನಪಿಟ್ಟುಕೊಂಡು ನೋಡಿ, ಅದೆಂಥಾ ಧೈರ್ಯ! ಭೌತಶಾಸ್ತ್ರದ ಆರ್. ಎಲ್. ನರಸಿಂಹಯ್ಯನವರು ನಕ್ಷತ್ರಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ಇಂಥ ವಾತಾವರಣದಲ್ಲಿ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಉಪನ್ಯಾಸ ಗ್ರಂಥಮಾಲೆ ತಂದಿತು. ಆ ತೆಳು ಪುಸ್ತಕಗಳು ಈಗಲೂ ಹಳೆ ಪುಸ್ತಕದಂಗಡಿಯಲ್ಲಿ ಸಿಗ್ತವೆ. ಕಂಡರೆ ಬಿಡಬೇಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಗೇಟು ತೆರೆದಿಟ್ಟು ಲ್ಯಾಬು ತೋರಿಸುತ್ತೆ, ಊರಿಗೂರೇ ಬರುತ್ತೆ. ಧಾರವಾಡದಲ್ಲೇ ನೋಡಿ, 1890ರ ವಿದ್ಯಾವರ್ಧಕ ಸಂಘದಲ್ಲಿ ಇವತ್ತಿಗೂ ಸಂಜೆ ಹೊತ್ತು ದತ್ತಿ ಉಪನ್ಯಾಸ ನಡೀತವೆ. ಸಂಜೆ ಇಟ್ಟರೆ ಕೆಲಸ ಮುಗಿಸಿಕೊಂಡಾದರೂ ಬರಬಹುದು, ಇಷ್ಟು ಸಣ್ಣ ಸಂಗತಿ.

ನನ್ನದೊಂದು ಬೇಡಿಕೆ ಇದೆ, ಇತಿಹಾಸ ಮತ್ತು ಕನ್ನಡ ವಿಭಾಗದವರಿಗೆ. ನಮ್ಮ ಭಾಗದ ಎಷ್ಟೋ ಊರುಗಳ ಗುಡಿ ಮುಂದೆ, ಕೆರೆ ದಂಡೆಯಲ್ಲಿ ಶಾಸನಗಳಿವೆ, ವೀರಗಲ್ಲುಗಳಿವೆ. ಎಣ್ಣೆ, ಕುಂಕುಮ ಹಚ್ಚಿ ಪೂಜೆ ಮಾಡ್ತಾರೆ. ಏನು ಬರೆದಿದೆ ಅಂತ ಊರವರಿಗೆ ಗೊತ್ತಿಲ್ಲ, ಹೇಳೋರೂ ಇಲ್ಲ. ಶಾಸನ ಸಂಶೋಧಕ ಎಂ. ಎಂ. ಕಲಬುರ್ಗಿ ಅವರಂಥವರು ಪಾಠ ಮಾಡಿದ ಕರ್ನಾಟಕ ವಿಶ್ವವಿದ್ಯಾಲಯ ಮೇಳ ನಡೆಯೋ ಧಾರವಾಡದಲ್ಲೇ ಇದೆ. ಮುಂದಿನ ಕೃಷಿ ಮೇಳದಲ್ಲಿ ಒಂದು ಮಳಿಗೆ ಕೇಳಿ ತಗೊಳ್ಳಿ. ‘ನಿಮ್ಮೂರ ಕಲ್ಲಿನ ಫೋಟೊ ತನ್ನಿ, ಓದಿ ಹೇಳ್ತೀವಿ’ ಅಂತ ಬೋರ್ಡು ಹಾಕಿ. ಹಳಗನ್ನಡ ಲಿಪಿ ಓದಬಲ್ಲ ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳನ್ನು ಕೂರಿಸಿ. ಸವೆದ ಸಾಲು ಓದಕ್ಕಾಗದಿದ್ದರೆ ಊರಿನ ಹೆಸರು ಬರೆದಿಟ್ಟುಕೊಂಡು ಆಮೇಲೆ ಹೋಗಿ ಕಲ್ಲಿನ ಅಕ್ಷರಗಳ ಪಡಿಯಚ್ಚನ್ನು ಕಾಗದದ ಮೇಲೆ ತೆಗೀರಿ. ಓದಿದ್ದನ್ನ ಆ ಊರಿನ ಶಾಲೆಗೇ ಹೋಗಿ ಒಂದು ಸಂಜೆ ಹೇಳಿ, ಶಾಲು ಹಾರ ಏನೂ ಬೇಡ.

ಇದಕ್ಕೆ ಎರಡು ಮೇಜು, ಒಂದಷ್ಟು ಕುರ್ಚಿ ಸಾಕು. ವಿಭಾಗದಲ್ಲಿರುವ ಸ್ನೇಹಿತರು ಯಾರಾದರೂ ಇದನ್ನ ಓದ್ತಿದ್ದರೆ ದಯವಿಟ್ಟು ಮುಂದಿನ ಸಭೆಯಲ್ಲಿ ಪ್ರಸ್ತಾಪ ಮಾಡಿ. ಮಳಿಗೆಯಲ್ಲಿ ಕೂತು ಬಂದವರ ಹೆಸರು, ಊರು ಬರೆದುಕೊಳ್ಳುವ ಕೆಲಸಕ್ಕೆ ನಾನು ಬರ್ತೇನೆ.