ನೆಮ್ಮದಿಗಾಗಿ ನೂಲೋದಿಲ್ಲ ನಾನು

ಮೊನ್ನೆ ಪಕ್ಕದ ಫ್ಲ್ಯಾಟಿನ ಹುಡುಗಿ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ನಾನು ಚಾಪೆ ಮೇಲೆ ಪೆಟ್ಟಿಗೆ ಚರಕ ಬಿಚ್ಚಿಟ್ಟುಕೊಂಡು ಕೂತಿದ್ದೆ. "ಆಂಟಿ, ಎಷ್ಟು ಪೀಸ್‌ಫುಲ್ ಅಲ್ವಾ ಇದು? ಧ್ಯಾನ ಮಾಡಿದ ಹಾಗೆ!" ಎಂದಳು. ಅವಳು ಬರುವ ಮುಂಚಿನ ಹತ್ತು ನಿಮಿಷದಲ್ಲಿ ನನ್ನ ನೂಲು ಹದಿನಾಲ್ಕು ಸಲ ಹರಿದಿತ್ತು. ಆಗ ನನ್ನ ಬಾಯಿಂದ ಬಂದ ಮಾತು ಕೇಳಿದ್ದರೆ ಪಾಪ, ಬಾಗಿಲಿಂದಲೇ ವಾಪಸ್ ಹೋಗುತ್ತಿದ್ದಳು.

ನೂಲೋದು, ಹಳೇ ಬಟ್ಟೆಯ ಪದರ ಸೇರಿಸಿ ಕೌದಿ ಹೊಲಿಯೋದು, ರೊಟ್ಟಿ ಬಡಿಯೋದು, ಇವೆಲ್ಲ ಮನಸ್ಸಿಗೆ ಶಾಂತಿ ಕೊಡುತ್ತವೆ ಅಂತ ಈಗ ಎಲ್ಲ ಕಡೆ ಹೇಳುತ್ತಾರೆ. ರೀಲ್ಸ್ ನೋಡಿ. ಕಿಟಕಿಯಿಂದ ಬೀಳುವ ಬಿಸಿಲು, ಹಿಂದೆ ಕೊಳಲು, ಇಸ್ತ್ರಿ ಮಾಡಿದ ಬಿಳಿ ಸೀರೆ. ಅಲ್ಲಿ ಯಾರ ನೂಲೂ ಹರಿಯೋದಿಲ್ಲ, ಯಾರ ಸಾರೂ ಸೀಯೋದಿಲ್ಲ. ಐದು ವರ್ಷದಿಂದ ಈ ಮೂರೂ ಕೆಲಸ ಮಾಡುತ್ತಿದ್ದೇನೆ. ಶಾಂತಿ ಸಿಕ್ಕಿಲ್ಲ. ಸಿಕ್ಕಿರೋದು ಜಗಳ. ಅದಕ್ಕೇ ಬಿಟ್ಟಿಲ್ಲ.

ಒಂದು ಜಗಳ ಹೇಳುತ್ತೇನೆ. ಹಳೇ ದಿಂಬೊಂದು ಹರಿದಿತ್ತು. ಒಳಗೆ ರೇಷ್ಮೆಯಂಥ ನುಣುಪಾದ ಅರಳೆ. ಬಿಸಾಡೋದು ಯಾಕೆ, ನೂತು ಬಿಡೋಣ ಅಂತ ಅರಳೆ ಸುರುಳಿ ಸುತ್ತಿ ಹಂಜಿ ಮಾಡಲು ಕೂತೆ. ಎರಡು ದಿನ ಒದ್ದಾಡಿದೆ. ಒಂದು ಗೇಣು ನೂಲೂ ಬರಲಿಲ್ಲ. ಮೂಗು, ಫ್ಯಾನು, ಅನ್ನದ ತಟ್ಟೆ, ಎಲ್ಲ ಕಡೆ ಅರಳೆಯೇ ಅರಳೆ. ಕೊನೆಗೆ ಧಾರವಾಡಕ್ಕೆ ಅವ್ವನಿಗೆ ಫೋನ್ ಮಾಡಿದೆ. "ಬೂರಗದ ಅಳ್ಳಿ ನೂಲಾಕ ಬರತೈತೇನ? ಹುಚ್ಚಿ!" ಎಂದು ನಕ್ಕಳು.

ಆಮೇಲೆ ಗೊತ್ತಾಯಿತು. ದಿಂಬಿನೊಳಗಿದ್ದದ್ದು ಹತ್ತಿಯಲ್ಲ, ಬೂರುಗದ ಮರದ ಅರಳೆ. ಹತ್ತಿಯ ಎಳೆ ಒಣಗುವಾಗ ತಾನೇ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳೋದು. ಬೂರುಗದ ಎಳೆ ಹಾಗಲ್ಲ. ಸಣ್ಣ ಕೊಳವೆ ತರಹ, ನುಣ್ಣಗೆ, ಟೊಳ್ಳು. ಒಂದರ ಮೇಲೊಂದು ಜಾರಿ ಹೋಗುತ್ತದೆ. ದಿಂಬಿಗೆ ಚೆನ್ನ, ನೂಲು ಸುತ್ತುವ ಕದಿರಿಗೆ ಅಲ್ಲ. ಎರಡು ದಿನ ಹಾಳಾದರೂ ಇದನ್ನು ನಾನಿನ್ನು ಮರೆಯೋದಿಲ್ಲ.

ಹತ್ತಿಯಾದರೂ ಸುಲಭಕ್ಕೆ ಬಗ್ಗುತ್ತದೆ ಅಂದುಕೊಳ್ಳಬೇಡಿ. ಬಲಗೈ ಚಕ್ರ ತಿರುಗಿಸುತ್ತಿರಬೇಕು, ಎಡಗೈ ಹಂಜಿ ಎಳೆಯುತ್ತಿರಬೇಕು. ಹುರಿ, ಅಂದರೆ ನೂಲಿನ ತಿರುಚು, ಜಾಸ್ತಿ ಆದರೆ ನೂಲು ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಕಡಿಮೆ ಆದರೆ ಕೈಯಲ್ಲೇ ಬಿಟ್ಟುಕೊಳ್ಳುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಇನ್ನೂ ಜಾಸ್ತಿ ಹರಿಯುತ್ತದೆ. ಗಿರಣಿಗಳಲ್ಲಿ ಗಾಳಿಗೆ ತೇವ ಬಿಡೋದು ಸುಮ್ನೆ ಅಲ್ಲ. ನಾನು ಪಕ್ಕದಲ್ಲಿ ಒಂದು ಒದ್ದೆ ಟವೆಲ್ ನೇತು ಹಾಕುತ್ತೇನೆ. ಮನೆಯವರು ಅದರಲ್ಲೇ ಕೈ ಒರೆಸಿಕೊಂಡು ಹೋಗುತ್ತಾರೆ.

ಅಂದ ಹಾಗೆ, ಈ ಪೆಟ್ಟಿಗೆ ಚರಕಕ್ಕೆ ಎರವಾಡ ಚರಕ ಅಂತಲೂ ಹೆಸರು. ಗಾಂಧೀಜಿ ಎರವಾಡ ಜೈಲಿನಲ್ಲಿದ್ದಾಗ ರೂಪ ತಳೆದದ್ದು. ಮಡಚಿದರೆ ಒಂದು ಸೂಟ್‌ಕೇಸಿನಷ್ಟು. ಅಷ್ಟು ಚಿಕ್ಕ ಜಾಗದಲ್ಲಿ ಎರಡು ಚಕ್ರ ಕೂರಿಸಿ ಕದಿರಿಗೆ ವೇಗ ಕೊಟ್ಟ ಲೆಕ್ಕಾಚಾರ ನೋಡಿದರೆ, ಅದು ಧ್ಯಾನದ ಸಾಮಾನು ಅನ್ನಿಸೋದಿಲ್ಲ. ದಿನಕ್ಕೆ ಎಷ್ಟು ನೂಲು ಬರುತ್ತದೆ ಅನ್ನೋ ಚಿಂತೆಯಿಂದ ಹುಟ್ಟಿದ ಯಂತ್ರ ಅದು.

ಹೊಟ್ಟೆಪಾಡಿಗೆ ನೂಲುವವರನ್ನು ಕೇಳಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. ಅಂಥ ಖಾದಿಯ ಹಿಂದೆ ನೂಲುವ ಹೆಂಗಸರಿಗೆ ಕೂಲಿ ಸಿಗೋದು ಲಡಿಯ ಲೆಕ್ಕದಲ್ಲಿ. ಒಂದು ಲಡಿ ಅಂದರೆ 1000 ಮೀಟರ್ ನೂಲು. ನನಗೆ ಒಂದು ಲಡಿ ತುಂಬಲು ವಾರ ಬೇಕು. ವರ್ಷಗಟ್ಟಲೆ ನೂತ ಒಬ್ಬರನ್ನು ಒಮ್ಮೆ ಮಾತಾಡಿಸಿದ್ದೆ. ಅವರು ನೆಮ್ಮದಿಯ ಸುದ್ದಿ ಎತ್ತಲಿಲ್ಲ. ಸೊಂಟದ ಸುದ್ದಿ ಎತ್ತಿದರು. ಅವರ ಕೆಲಸಕ್ಕೆ ನಾವು ಕೊಳಲು ಹಾಕಿ ರೀಲ್ಸ್ ಮಾಡೋದು ನೋಡಿದರೆ ನನಗೆ ಒಂಥರಾ ಕಸಿವಿಸಿ.

ಕೌದಿಯದು ಬೇರೆ ಕಥೆ. ಮೊದಲನೆಯದಕ್ಕೆ ಮೇಲೆ ಇಳಕಲ್ ಸೀರೆಯ ತುಂಡು, ಒಳಗೆ ಹಳೇ ಹತ್ತಿ ಸೀರೆಗಳು, ತಳಕ್ಕೆ ಬಿಳಿ ಧೋತರ. ಮೊದಲ ಒಗೆತಕ್ಕೇ ಕೆಂಪು ಬಣ್ಣ ಬಿಟ್ಟು ಧೋತರ ಗುಲಾಬಿ ಆಯಿತು. ಎರಡನೆಯದನ್ನು ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಹಾಗೆ ಹೊಲಿಯಲು ಹೊರಟೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಅವರು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ 'ಫುಲಾ', ಅಂದರೆ ಹೂವು, ಕೂರಿಸುತ್ತಾರೆ. ಅವರ ಕೈಯಲ್ಲಿ ಅದು ಹಾಸಿದ ಹಾಗೆ ಸಪಾಟಾಗಿ ಬರುತ್ತದೆ. ನನ್ನದು ನಡುವಿಗೆ ಬರುವ ಹೊತ್ತಿಗೆ ಬಸುರಿ ಹೊಟ್ಟೆಯಂತೆ ಉಬ್ಬಿತ್ತು. ಮೂರು ರಾತ್ರಿಯ ಹೊಲಿಗೆ ಬಿಚ್ಚಿದೆ. ಹೊಲಿಯೋದಕ್ಕಿಂತ ಬಿಚ್ಚೋದರಲ್ಲೇ ನಾನು ಜಾಸ್ತಿ ಕಲಿತಿರೋದು.

ರೊಟ್ಟಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಕುದಿಯುವ ನೀರು ಹಾಕಿ, ಕೈ ಸುಟ್ಟುಕೊಂಡು ನಾದಬೇಕು. ಹಿಟ್ಟು ಹಳೆಯದಾದರೆ ಅದೂ ನಡೆಯೋದಿಲ್ಲ, ಎತ್ತುವಾಗಲೇ ಹರಿಯುತ್ತದೆ. ಹರಿದ ರೊಟ್ಟಿ ಬಿಸಿ ಇರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ, ತುಪ್ಪ ಬಿಟ್ಟು ಮುಟಗಿ ಮಾಡುತ್ತೇನೆ. ಮುಟಗಿಗೆ ದಪ್ಪ ರೊಟ್ಟಿಯೇ ಆಗಬೇಕು ಅಂತ ಅವ್ವ ಹೇಳುತ್ತಾಳೆ. ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಮುಟಗಿ. ಇವರಿಗೆ ಇಷ್ಟ ಅಂತ ಮಾಡುತ್ತೇನೆ ಅಂತ ಇವರು ನಂಬಿದ್ದಾರೆ.

ಕೌದಿ ಹೋದ ಭಾನುವಾರ ಮುಗಿಯಿತು. ಹೊಟ್ಟೆ ಸ್ವಲ್ಪ ಉಳಿದಿದೆ, ಇರಲಿ. ಎಣಿಸಿದರೆ ಸೂಜಿ ಒಂದು ಕಡಿಮೆ. ಫ್ರಿಜ್ಜಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ತಂದು ಇಡೀ ಕೌದಿ ಮೇಲೆ ಎಳೆದಾಡಿದೆವು. ಸಿಕ್ಕಿಲ್ಲ. ನೆಮ್ಮದಿ ಬೇಕು ಅನ್ನುವವರು ಯಾರಾದರೂ ಬಂದು ಅದರ ಮೇಲೆ ಮಲಗಬಹುದು.