ಹೆಬ್ಬೆರಳಿನಷ್ಟು ದಪ್ಪದ ನ್ಯಾಯ

ತಲೆಗೆ ವಿಗ್ಗು, ಮೈಗೆ ನ್ಯಾಯಾಧೀಶರ ನಿಲುವಂಗಿ, ಜೊತೆಗೆ ಎರಡು ಹೊರೆ ಕೋಲು. 'ಹೆಂಡತಿಗೆ ಮದ್ದು ಬೇಕಾ ಮದ್ದು' ಅಂತ ಸಾಹೇಬರು ಕೂಗಿ ಮಾರುತ್ತಿದ್ದಾರೆ. ಹಿಂದೆ ಒಬ್ಬ ಗಂಡ ಆಗಲೇ ಕೋಲು ಎತ್ತಿದ್ದಾನೆ. ಹೆಂಡತಿ 'ಕೊಲೆ, ಕೊಲೆ' ಅಂತ ಚೀರುತ್ತಿದ್ದಾಳೆ. ಇದು ಕಾನೂನು ಕಣೇ, ನನ್ನ ಹೆಬ್ಬೆರಳಿಗಿಂತ ದಪ್ಪ ಇಲ್ಲ ಅನ್ನುವುದು ಅವನ ವಾದ.

1782ರ ನವೆಂಬರಿನಲ್ಲಿ ಲಂಡನ್ನಿನ ಜೇಮ್ಸ್ ಗಿಲ್ರೇ ಬರೆದ ವ್ಯಂಗ್ಯಚಿತ್ರ ಇದು. ಹೆಸರು 'ಜಡ್ಜ್ ಥಂಬ್'. ಕೋಲಿನ ವ್ಯಾಪಾರಿ ಫ್ರಾನ್ಸಿಸ್ ಬುಲ್ಲರ್, 32ನೇ ವಯಸ್ಸಿಗೇ ಕಿಂಗ್ಸ್ ಬೆಂಚ್ ಎಂಬ ಇಂಗ್ಲೆಂಡಿನ ಉನ್ನತ ನ್ಯಾಯಾಲಯದ ಪೀಠ ಏರಿದ ಜಾಣರು. ಹೆಬ್ಬೆರಳು ಮೀರದ ಕೋಲಿನಲ್ಲಿ ಹೆಂಡತಿಗೆ ಬಾರಿಸಬಹುದು ಎಂದರಂತೆ. 'ಅಂತೆ' ಅಷ್ಟೇ. ಹಾಗೆ ಅಂದಿದ್ದಕ್ಕೆ ದಾಖಲೆ ಯಾರಿಗೂ ಸಿಕ್ಕಿಲ್ಲ.

ಅಂದರು ಅಂತಲೇ ಇಟ್ಟುಕೊಳ್ಳೋಣ. ಯಾರ ಹೆಬ್ಬೆರಳು ಸ್ವಾಮಿ? ಗುಮಾಸ್ತನದೋ, ಕಮ್ಮಾರನದೋ? ಕಮ್ಮಾರನ ಹೆಂಡತಿಗೆ ಕಾನೂನು ಸ್ವಲ್ಪ ಜಾಸ್ತಿ ದಪ್ಪ ಅಂತಾಯ್ತು. ಕೋಲಿನ ದಪ್ಪಕ್ಕೆ ಮಿತಿ ಇದೆ, ಏಟಿನ ಲೆಕ್ಕಕ್ಕೆ ಇಲ್ಲ. 'ನನ್ನ ಗಂಡನ ಹಕ್ಕು ಎಷ್ಟೆಂದು ತಿಳಿಯಬೇಕು, ದಯವಿಟ್ಟು ತಮ್ಮ ಹೆಬ್ಬೆರಳಿನ ಅಳತೆ ಕೊಡಿ' ಎಂದು ಒಬ್ಬ ಕೌಂಟೆಸ್, ಅಂದರೆ ಶ್ರೀಮಂತ ಮನೆತನದ ಹೆಂಗಸು, ಬುಲ್ಲರ್‌ಗೆ ಹೇಳಿಕಳಿಸಿದಳು ಅಂತ ಒಂದು ಕಥೆ ಇದೆ. ಇಡೀ ಪ್ರಕರಣದಲ್ಲಿ ಕಾನೂನಿನ ಪ್ರಶ್ನೆ ಅಂತ ಕೇಳಿದವಳು ಅವಳೊಬ್ಬಳೇ!

ನನಗೆ ತಮಾಷೆ ಅನ್ನಿಸುವುದು ಬೇರೆ. ಒಬ್ಬ ಜಡ್ಜ್ ಹೀಗೆ ಅಂದರಂತೆ ಅಂದ ಕೂಡಲೇ ಊರಿಗೆ ಊರೇ ನಂಬಿತಲ್ಲ! ನಂಬದೆ ಏನು ಮಾಡೀತು? ಬುಲ್ಲರ್ ಆ ಪೀಠ ಏರುವ ಮೊದಲೇ ಬ್ಲ್ಯಾಕ್‌ಸ್ಟೋನ್ ಎಂಬ ಮಹಾ ಕಾನೂನು ಪಂಡಿತರು ಹೀಗೆ ಬರೆದಿಟ್ಟಿದ್ದರು: ಹಳೇ ಕಾನೂನಿನಲ್ಲಿ ಗಂಡ ಹೆಂಡತಿಯನ್ನು 'ಹದವಾಗಿ' ತಿದ್ದಬಹುದಿತ್ತು. ಹದಿನೇಳನೇ ಶತಮಾನದ ದೊರೆ ಎರಡನೇ ಚಾರ್ಲ್ಸ್ ಕಾಲದಲ್ಲಿ ನಾಗರಿಕತೆ ಹೆಚ್ಚಿ ಆ ಹಕ್ಕಿನ ಬಗ್ಗೆ ಅನುಮಾನ ಬಂತು. ಆದರೆ ಕೆಳಗಿನ ವರ್ಗದವರಿಗೆ ಹಳೇ ಕಾನೂನಿನ ಮೇಲೆ ಯಾವಾಗಲೂ ಪ್ರೀತಿ, ಅವರು ಇನ್ನೂ ಬಿಟ್ಟಿಲ್ಲ. ನೋಡಿ, ಹೆಂಡತಿಗೆ ಹೊಡೆಯುವವನು ಕುಡುಕನಲ್ಲ, ಪರಂಪರೆಯ ರಕ್ಷಕ!

ಹತ್ತು ವರ್ಷದ ನಂತರ, 1792ರಲ್ಲಿ, ಮೇದರ್ ಬ್ರೌನ್ ಎಂಬ ಕಲಾವಿದ ಬುಲ್ಲರ್ ಅವರ ತೈಲಚಿತ್ರ ಬರೆದ. ಗಂಭೀರ ಮುಖ, ಕೋಲು ಇಲ್ಲ, ಚೀರುವ ಹೆಂಗಸೂ ಇಲ್ಲ. ಈಗ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದ ಸ್ವತ್ತು. ಅದರ ಒಂದು ನಕಲನ್ನು ನಾನೂ ನೋಡಿದೆ. ಮುಖ ಆಮೇಲೆ ನೋಡಿದ್ದು. ಮೊದಲು ಹುಡುಕಿದ್ದು ಕೈ ಎಲ್ಲಿದೆ ಅಂತ.